ಬಲಗಡೆಯ ಬಾತುಕೋಳಿ

ಮೂವತ್ತೆರಡನೆಯ ಬಾತುಕೋಳಿಯ ಕಣ್ಣಿಗೆ ಸೂಜಿ ಇಳಿಯುವ ಹೊತ್ತಿಗೆ ಅವನಿಗೆ ಕಸೂತಿ ಯಂತ್ರದ ಮೇಲೆ ಅಂಟಿಸಿದ್ದ ಚೀಟಿ ಮತ್ತೆ ಕಾಣಿಸಿತು. ಬೆಳಗಿನಿಂದ ಅದು ಅಲ್ಲೇ ಇತ್ತು. ದಾರದ ರೀಲುಗಳ ಸಾಲಿನ ಕೆಳಗೆ, ಅವನ ಕಣ್ಣಿನ ಮಟ್ಟಕ್ಕೇ, ಅಕ್ಕನ ದುಂಡು ಅಕ್ಷರದಲ್ಲಿ: 'ಶಿಶುವಿಹಾರ. ಏಪ್ರನ್ ಮೂವತ್ತೆರಡು, ಬಾತುಕೋಳಿ, ಬಲಗಡೆ. ಚೀಲ ಹತ್ತು, ನಡುವೆ.' ಅದರ ಕೆಳಗೆ ಸಣ್ಣದಾಗಿ, 'ಒಂದು ಸಲ ನೀನೇ ಕೇಳಿಬಿಡು.' ಈ ಕೊನೆಯ ಸಾಲನ್ನು ಅಕ್ಕ ತಾನು ಬರೆದ ಪ್ರತಿಯೊಂದು ಚೀಟಿಯ ಕೆಳಗೂ ಬರೆಯುತ್ತಿದ್ದಳು, ಬೇರೆಯವರು ರುಜು ಹಾಕುವ ಹಾಗೆ. ನಾಳೆ ಹಾಲು ಅರ್ಧ ಲೀಟರ್ ಸಾಕಂತೆ, ಒಂದು ಸಲ ನೀನೇ ಕೇಳಿಬಿಡು. ಗ್ಯಾಸಿನವನು ಬಂದಿದ್ದ, ಗುರುವಾರ ಬರ್ತಾನಂತೆ, ಒಂದು ಸಲ ನೀನೇ ಕೇಳಿಬಿಡು. ಯಂತ್ರ ಕಣ್ಣು ತುಂಬಿ ಮುಗಿಸಿ, ದಾರ ಕತ್ತರಿಸಿ, ಕುಯ್ಯೆಂದು ಒಂದು ಸಣ್ಣ ಸದ್ದು ಮಾಡಿ ನಿಂತಿತು. ಅವನು ಫ್ರೇಮು ಬಿಚ್ಚಿ ಏಪ್ರನ್ ಕೈಗೆ ತೆಗೆದುಕೊಂಡ. ಹಳದಿ ತಾಯಿ ಬಾತು, ರೆಕ್ಕೆಯ ಕೆಳಗೆ ಅರ್ಧ ಕಾಣುವ ಮರಿ, ಏಳು ಸಾವಿರ ಹೊಲಿಗೆ, ಒಂದು ಎಳೆಯೂ ತಪ್ಪಿಲ್ಲ. ಇದೂ ಎಡಗಡೆಗಿತ್ತು. ಮೂವತ್ತೆರಡೂ ಎಡಗಡೆಗಿದ್ದವು.

ಮೂರು ದಿನದ ಹಿಂದೆ ಅವನು ದಾರ ತರಲು ಹೊರಗೆ ಹೋಗಿದ್ದಾಗ ಅಂಗಡಿಯ ಫೋನು ಬಿಡದೆ ಹೊಡೆದುಕೊಂಡಿತ್ತಂತೆ. ಅಕ್ಕ ಫೋನು ಎತ್ತುವವಳಲ್ಲ. ನಾಲ್ಕನೆಯ ಸಲವೂ ಹೊಡೆದಾಗ ಇನ್ನು ಬಿಟ್ಟರೆ ಗಿರಾಕಿ ತಪ್ಪುತ್ತದೆಂದು ಎತ್ತಿ, ಕೇಳಿಸಿದ್ದನ್ನು ಬರೆದಿಟ್ಟಿದ್ದಳು. ಅವನು ಬಂದು ಚೀಟಿ ನೋಡಿ ನಕ್ಕುಬಿಟ್ಟಿದ್ದ. "ಬಲಗಡೆ ಯಾರಕ್ಕ ಲೋಗೊ ಹಾಕಿಸ್ತಾರೆ? ಬ್ಯಾಂಕಿನವರು, ಬಸ್ಸಿನವರು, ಹೋಟೆಲಿನವರು, ಲೋಕವೆಲ್ಲ ಎಡಕ್ಕೆ. ಹೃದಯ ಇರೋ ಕಡೆ."

"ಹಾಗೇ ಕೇಳಿಸ್ತು ಕಣೋ. ಎರಡು ಸಲ ಅಂದರು. ಆದರೆ ನನ್ನ ಕಿವಿ ವಿಷಯ ನಿಂಗೆ ಗೊತ್ತಲ್ಲ."

ನಿಂಗೆ ಗೊತ್ತಲ್ಲ. ಅವನಿಗೆ ಗೊತ್ತಿತ್ತು. ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತಿತ್ತು. ಆದರೂ ಆಗ ಮೇಡಂಗೆ ಒಂದು ಫೋನು ಮಾಡಲಿಲ್ಲ. ಬಲಗಡೆಯನ್ನು ಎಡಗಡೆ ಎಂದೇ ಓದಿಕೊಂಡು, ಅಕ್ಕನಿಗೆ ಮತ್ತೆ ತಪ್ಪು ಕೇಳಿಸಿದೆ, ಪಾಪ, ಎಂದುಕೊಂಡು, ಏಪ್ರನ್ ಕೂರಿಸುವ ಮರದ ಅಚ್ಚನ್ನು ಎಡಕ್ಕೆ ಸರಿಸಿ ತಿರುಪು ಬಿಗಿಮಾಡಿದ್ದ. ಆ 'ಪಾಪ' ಈಗ ಅವನಿಗೇ ತಿರುಗಿ ಕೇಳಿಸಿತು. ಸುಳ್ಳು ಹೇಳಿದವನು ತನ್ನ ಸುಳ್ಳನ್ನು ಎಲ್ಲರಿಗಿಂತ ಕೊನೆಗೆ ನಂಬುತ್ತಾನೆ ಎಂದು ಅವನು ಎಣಿಸಿದ್ದ. ಆದರೆ ನಂಬಿದ್ದು ಯಾವತ್ತು ಎಂಬುದೇ ತಿಳಿಯದ ಹಾಗೆ ನಂಬಿಬಿಟ್ಟಿದ್ದ. ನಾಲ್ಕು ಗಂಟೆಗೆ ಶಿಶುವಿಹಾರದ ಮೇಡಂ ಬರುತ್ತಾರೆ. ಎಡಗಡೆ ಎಂದರೆ ಎಲ್ಲ ಸರಿ. ಬಲಗಡೆ ಎಂದರೆ ಅಕ್ಕನ ಕಿವಿ ಸರಿ. ಅಕ್ಕನ ಕಿವಿ ಈಗ ಸರಿಯೆಂದರೆ ಇಪ್ಪತ್ತೆರಡು ವರ್ಷದ ಹಿಂದೆಯೂ ಸರಿ.

"ಆಯ್ತಾ?" ಎಂದಳು ಅಕ್ಕ, ಬಾಗಿಲ ಬೆಳಕಿನಲ್ಲಿ ಗೋಡೆಗೊರಗಿಸಿದ ಕುರ್ಚಿಯಿಂದ.

"ಆಯ್ತೂ!" ಎಂದು ಅವನು ಕೂಗಿದ. ಯಂತ್ರ ನಿಂತಿತ್ತು, ಅಂಗಡಿ ಎಂಟು ಹೆಜ್ಜೆ ಉದ್ದವಿತ್ತು, ಆದರೂ ಕೂಗಿದ. ಮನೆಯಲ್ಲಿ ಎಲ್ಲರೂ ಅವಳೊಡನೆ ಕೂಗಿಯೇ ಮಾತಾಡುತ್ತಿದ್ದರು. ಬೆಳಿಗ್ಗೆ ಅವನ ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು, "ಅತ್ತಿಗೇ, ಟವೆಲ್ಲು, ಬಿಸಿಲಲ್ಲಿ, ಹಾಕಿದೀನಿ!" ಎಂದು ಒಂದೊಂದೇ ಮಾತನ್ನು ಕಲ್ಲು ಎಸೆದ ಹಾಗೆ ಎಸೆದಿದ್ದಳು. ಮಗಳಂತೂ ಮಾತು ಕಲಿಯುವಾಗಲೇ ಎರಡು ಧ್ವನಿ ಕಲಿತಿದ್ದಳು, ಒಂದು ಜನಕ್ಕೆ, ಇನ್ನೊಂದು ಅತ್ತೆಗೆ. ಅಕ್ಕ ಯಾವತ್ತೂ ಬೇಸರಪಟ್ಟುಕೊಂಡವಳಲ್ಲ. ಕೂಗು ಮುಗಿಯುವ ತನಕ ಮುಖವನ್ನು ಸ್ವಲ್ಪ ವಾರೆ ಮಾಡಿ ನಿಲ್ಲುತ್ತಿದ್ದಳು, ಎರಚಲಿಗೆ ನಿಂತವರ ಹಾಗೆ. ನಾಲ್ಕು ವರ್ಷದ ಹಿಂದೆ ಒಮ್ಮೆ ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೂ ಅವನೇ. ಯಾಕೆ ಕರೆದುಕೊಂಡು ಹೋದ? ಡಾಕ್ಟರು ಏನಾದರೂ ಒಂದು ದೋಷ ಹುಡುಕಿಕೊಡಲಿ ಎಂದು. ಒಂದು ನರ, ಒಂದು ಗುಗ್ಗೆಯಾದರೂ ಸಿಗಲಿ ಎಂದು. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ, ಯಂತ್ರದಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ಸದ್ದುಗಳನ್ನು ಬಿಟ್ಟು, ಪ್ರತಿಯೊಂದಕ್ಕೂ ಅಕ್ಕ ಬೆರಳೆತ್ತಿದ್ದನ್ನು ನೋಡಿ, "ಇವರ ಕಿವಿ ನಿಮ್ಮ ಕಿವಿಗಿಂತ ಚುರುಕಾಗಿದೆ" ಎಂದಿದ್ದರು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅಕ್ಕ ಅವನ ತೋಳು ಹಿಡಿದು, "ಪಾಪ, ಹೊಸಬರು. ಇನ್ನೂ ಕಲೀತಾ ಇರಬೇಕು" ಎಂದಳು. ಅವನು ಅದಕ್ಕೂ ಹೂಂ ಎಂದಿದ್ದ.

ಅಕ್ಕ ಮೂವತ್ತೆರಡನೆಯದನ್ನು ಮಡಿಲಿಗೆ ಹಾಕಿಕೊಂಡು, ಹಿಂಬದಿಯ ಕಾಗದವನ್ನು ಪರ್ರನೆ ಹರಿದು, ಪುಟ್ಟ ಕತ್ತರಿಯಿಂದ ದಾರದ ತುದಿಗಳನ್ನು ತೆಗೆಯತೊಡಗಿದಳು. ಅವಳ ಪಾದದ ಸುತ್ತ ಹಳದಿ, ಬಿಳಿ, ಕೇಸರಿ ಎಳೆಗಳು. ಎಡಗಡೆಗೆ ಬಂದ ಬಾತುಕೋಳಿಗಳ ಬಗ್ಗೆ ಅವಳು ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ತಮ್ಮ ಕೇಳಿ ವಿಚಾರಿಸಿಯೇ ಹಾಕಿದ್ದಾನೆ ಎಂದುಕೊಂಡಿದ್ದಳು. ಹೊಲಿಗೆ ಎಂದರೆ ಏನೆಂದು ಅವನಿಗೆ ಹೇಳಿಕೊಟ್ಟವಳು ಅವಳು. ಬಟ್ಟೆಯ ನೇಯ್ಗೆ ಯಾವ ಕಡೆಗೆ ಎಳೆಯುತ್ತದೆ ಎಂದು ಹೆಬ್ಬೆರಳಲ್ಲಿ ಒತ್ತಿ ನೋಡುವುದು, ದಾರವನ್ನು ತುಟಿಗೆ ತಾಗಿಸಿ ಹದ ತಿಳಿಯುವುದು. ಈಗ ಅವನು ಯಂತ್ರದ ಯಜಮಾನ, ಅವಳು ತುದಿ ಕತ್ತರಿಸುವವಳು. ಹಾಗೆಂದು ಯಾರೂ ಹೇಳಿರಲಿಲ್ಲ. ಕುರ್ಚಿಗಳು ಹಾಗೆ ಬಿದ್ದಿದ್ದವು, ಅಷ್ಟೆ.

ಫೋನು ಮೇಜಿನ ಮೇಲೆಯೇ ಇತ್ತು. ಈಗಲೂ ಕೇಳಬಹುದಿತ್ತು. ಮೇಡಂ, ಎಡಾನೋ ಬಲಾನೋ? ಒಂದು ಸಾಲು. ಬೇರೆ ಯಾರ ಧ್ವನಿಯಲ್ಲಾದರೂ ಅವನು ಕೇಳಿಬಿಡುತ್ತಿದ್ದ. ಬ್ಯಾಂಕ್ ಮ್ಯಾನೇಜರ ಮೂಗಿನ ಧ್ವನಿಯಲ್ಲಿ, ಎದುರಿನ ಬೀಗದ ಅಂಗಡಿಯವನ ಮುರುಕು ಧ್ವನಿಯಲ್ಲಿ, ಹೆಂಡತಿಯ ತಾಯಿಯ ಎಳೆದೆಳೆದು ಆಡುವ ರಾಗದಲ್ಲಿ. ಹಿಂದೆ ಅಕ್ಕನೂ ಅವನೂ ಕೆಲಸಕ್ಕಿದ್ದ ಬಟ್ಟೆ ಕಾರ್ಖಾನೆಯಲ್ಲಿ ಅವನಿಗೆ 'ರೇಡಿಯೊ' ಎಂದು ಹೆಸರಿಟ್ಟಿದ್ದರು. ಊಟದ ಬಿಡುವಿನಲ್ಲಿ, "ಏ ರೇಡಿಯೊ, ಮ್ಯಾನೇಜರ್ ಸ್ಟೇಷನ್ ಹಾಕೋ" ಎನ್ನುತ್ತಿದ್ದರು; ಅವನು ಕಿವಿ ತಿರುಪಿಕೊಂಡು, ಗರಗರ ಸದ್ದು ಮಾಡಿ, ಮ್ಯಾನೇಜರನನ್ನು ಹಾಕುತ್ತಿದ್ದ. ಊಟದ ಡಬ್ಬಿಗಳು ನಗುವಿಗೆ ಅಲುಗುತ್ತಿದ್ದವು. ತನ್ನದೇ ಸ್ಟೇಷನ್ ಯಾವುದೆಂದು ಮಾತ್ರ ಅವನಿಗೆ ತಿಳಿಯದು. ಮದುವೆಯಾದ ಹೊಸದರಲ್ಲಿ ಹೆಂಡತಿ, "ನೀವು ನೀವಾಗಿ ಮಾತಾಡೋದು ಯಾವಾಗ?" ಎಂದು ಕೇಳಿದ್ದಳು. ಅವನು ಅವಳ ಧ್ವನಿಯಲ್ಲೇ, "ನೀವು ನೀವಾಗಿ ಮಾತಾಡೋದು ಯಾವಾಗ?" ಎಂದು ತಿರುಗಿ ಕೇಳಿ ನಗಿಸಿದ್ದ. ಅವಳು ಮತ್ತೆ ಕೇಳಿರಲಿಲ್ಲ.

ಎಲ್ಲ ಸ್ಟೇಷನ್ನುಗಳಲ್ಲಿ ಗಂಟಲು ಸಾಹೇಬರದ್ದು ತುಂಬ ಸ್ವಚ್ಛವಾಗಿ ಬರುತ್ತಿತ್ತು. ಕಸೂತಿ ವಿಭಾಗದ ಸೂಪರ್‌ವೈಸರು. ಏನು ಹೇಳುವುದಿದ್ದರೂ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳಬೇಕು, ಹ್ಹಂ, ಹ್ಹಂ. ಮುಂದಿನ ಹಲ್ಲುಗಳ ನಡುವಿನ ಸಂದಿನಿಂದ ಸಕಾರವೆಲ್ಲ ಸಿಳ್ಳೆಯಾಗಿ ಹೊರಡುತ್ತಿತ್ತು. ಅಲ್ಲಿಯ ಪದ್ಧತಿ ಹೀಗಿತ್ತು: ಯಾವ ಲೋಗೊ ಆದರೂ ಮೊದಲು ಅದೇ ಬಟ್ಟೆಯ ತುಂಡಿನ ಮೇಲೆ ಒಂದು ಮಾದರಿ ಹಾಕಬೇಕು, ಅದನ್ನು ಸಾಹೇಬರ ಕೋಣೆಗೆ ಕಳಿಸಬೇಕು, ಅವರು ನೋಡಿ ಹೂಂ ಎಂದ ಮೇಲೆ ಆರು ತಲೆಯ ಯಂತ್ರ ಓಡಿಸಬೇಕು. ಮಾದರಿ ಮೇಜು ಅಕ್ಕನ ಪಾಲಿಗಿತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಆ ದಿನ ಕಾವಲುಗಾರರ ಕಂಪನಿಯ ಇನ್ನೂರ ನಲವತ್ತು ಜಾಕೆಟ್ಟು, ಗಿಡುಗದ ಲೋಗೊ. ಬಟ್ಟೆ ತೆಳು, ಹೊಲಿಗೆ ದಟ್ಟ. ಮಾದರಿಯಲ್ಲಿ ಗಿಡುಗದ ಸುತ್ತ ಬಟ್ಟೆ ಸುಕ್ಕಾಗಿತ್ತು. ಅಕ್ಕನಿಗೆ ಅನುಮಾನ. ಮಾದರಿಯನ್ನು ಸಾಹೇಬರ ಮೇಜಿಗೆ ಕಳಿಸಿ, ಅರ್ಧ ಗಂಟೆ ಬಿಟ್ಟು ಒಳಗಿನ ಫೋನಿನಲ್ಲಿ ಕೇಳಿದಳು. ಸಾಹೇಬರು ಕೋಣೆಯಲ್ಲಿರಲಿಲ್ಲ. ದಾರದ ಪೆಟ್ಟಿಗೆ ಇಡಲು ಬಂದಿದ್ದ ಅವನಿದ್ದ. ಫೋನು ಹೊಡೆಯಿತು, ಅವನು ಎತ್ತಿದ, ಆ ಕಡೆಯಿಂದ ಅಕ್ಕನ ಧ್ವನಿ, "ಸಾರ್, ಗಿಡುಗ ನೋಡಿದ್ರಾ, ಸುಕ್ಕು ಪರವಾಗಿಲ್ವಾ?" ಆ ಕ್ಷಣದಲ್ಲಿ ಅವನೊಳಗೆ ಯಾರೂ ನಿರ್ಧಾರ ಮಾಡಲಿಲ್ಲ. ಗಂಟಲೇ ಮಾಡಿತು. ಹ್ಹಂ, ಹ್ಹಂ. ಆಯ್ತಮ್ಮ. ನೋಡ್ದೆ. ಓಡ್ಸಿ.

ಓಡಿಹೋಗಿ ಅವಳೆದುರು ನಿಂತು, ಹೇಗಿತ್ತು ನನ್ನ ಸಾಹೇಬ, ಎಂದು ಕೇಳಬೇಕೆಂದಿದ್ದ. ಇಷ್ಟು ಮಾತ್ರ ಸತ್ಯ, ಇದನ್ನು ದೇವರೆದುರೂ ಹೇಳಬಲ್ಲ. ಬಾಗಿಲಲ್ಲೇ ಗೋದಾಮಿನ ಮೇಸ್ತ್ರಿ ಹಿಡಿದು ಲಾರಿ ಇಳಿಸಲು ಎಳೆದುಕೊಂಡು ಹೋದ. ಇಪ್ಪತ್ತು ನಿಮಿಷದ ಮೇಲೆ ಬಂದಾಗ ಆರೂ ತಲೆಗಳು ಒಟ್ಟಿಗೆ ಗಿಡುಗ ಕುಟ್ಟುತ್ತಿದ್ದವು. ಕೆಂಪು ಗುಂಡಿ ಅವನ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಆಗಿನ್ನೂ ಹನ್ನೆರಡು ಜಾಕೆಟ್ಟು. ಹನ್ನೆರಡು ಜಾಕೆಟ್ಟಿಗೆ ಬೈಗುಳ, ಹೆಚ್ಚೆಂದರೆ ಅವನ ಕೆಲಸ ಹೋಗುತ್ತಿತ್ತು. ಯಾವುದನ್ನು ತೂಗುತ್ತ ನಿಂತ ಎಂದು ಈಗ ಕೇಳಿದರೆ ಅವನಿಗೆ ನೆನಪಿರುವುದು ಕಾಲಿನ ಹೆಬ್ಬೆರಳಿನ ಉಗುರು ಮಾತ್ರ, ಲಾರಿಯ ಮರದ ಪೆಟ್ಟಿಗೆ ಬಿದ್ದು ಅದು ನೀಲಿಗಟ್ಟುತ್ತಿದ್ದದ್ದು. ಗುಂಡಿ ಒತ್ತಲಿಲ್ಲ; ಸಂಜೆಯೊಳಗೆ ಇನ್ನೂರ ನಲವತ್ತೂ ಸುಕ್ಕಾಗಿ ಕೆಟ್ಟವು. ವಿಚಾರಣೆಯಲ್ಲಿ ಅಕ್ಕ, "ನೀವೇ ಹೇಳಿದ್ರಿ ಸಾರ್, ನನ್ನ ಕಿವಿಯಾರೆ ಕೇಳಿದೀನಿ" ಎಂದಳು. ಸಾಹೇಬರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. "ಹ್ಹಂ, ಹ್ಹಂ. ನಾನು ಕೋಣೇಲೇ ಇರಲಿಲ್ಲಮ್ಮ. ಒಂದ್ಸಲ ಕಿವಿ ತೋರಿಸ್ಕೊ." ಎಲ್ಲರೂ ನಕ್ಕರು. ನಗುವವರ ಸಾಲಿನಲ್ಲಿ ಅವನ ಬಾಯಿಯೂ ತೆರೆದಿತ್ತು. ಅಕ್ಕ ಸಾಲಿನುದ್ದಕ್ಕೂ ನೋಡುತ್ತ ಅವನ ಮುಖದ ಹತ್ತಿರ ಬಂದು, ಅಲ್ಲಿ ನಗು ಕಂಡು, ಕೈಯನ್ನು ನಿಧಾನವಾಗಿ ಕಿವಿಯ ಮೇಲಿಟ್ಟುಕೊಂಡಳು. ಆ ಕೈ ಅಲ್ಲಿಂದ ಪೂರ್ತಿಯಾಗಿ ಇಳಿದೇ ಇಲ್ಲ ಎಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತದೆ.

ಅಕ್ಕನ ಕೆಲಸ ಹೋಗಿ ಒಂದು ವಾರವಾದ ಮೇಲೆ ಅವಳು, ಹಿರಿಯರ ಮೇಲೆ ಸುಳ್ಳು ಹೊರಿಸಿದೆನಲ್ಲ, ಮನಸ್ಸು ತಡೀತಾ ಇಲ್ಲ ಎಂದು ಸಾಹೇಬರ ಮನೆಗೆ ಕ್ಷಮೆ ಕೇಳಲು ಹೊರಟಳು. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದದ್ದೂ ಅವನೇ. ಗೇಟಿನ ಹೊರಗೆ ಸೈಕಲ್ಲು ಹಿಡಿದು ನಿಂತಿದ್ದ. ಒಳಗಿನಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿತ್ತು. ಹೊರಗೆ ಬಂದ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಒಳ್ಳೆಯವರು ಕಣೋ. ಒಂದು ಮಾತೂ ಬೈಲಿಲ್ಲ" ಎಂದಳು. ದಾರಿಯುದ್ದಕ್ಕೂ ಸೈಕಲ್ಲು ಹಗುರಾಗಿತ್ತು, ಹಿಂದೆ ಯಾರೂ ಕೂತಿಲ್ಲವೇನೋ ಎಂಬಷ್ಟು.

"ಬಂದರು ನೋಡು" ಎಂದಳು ಅಕ್ಕ.

ಶಿಶುವಿಹಾರದ ಮೇಡಂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಐವತ್ತು ದಾಟಿದ ಗುಂಡು ಹೆಂಗಸು. ಭುಜದ ಮೇಲೆ ಯಾವುದೋ ಮಗುವಿನ ಜೊಲ್ಲಿನ ಕಲೆ. ಬರುತ್ತಲೇ ಚೀಲಗಳನ್ನು ನೋಡಿ, "ಅಯ್ಯೋ ಎಷ್ಟು ಮುದ್ದಾಗಿದೆ, ಈ ಮರೀನ ನೋಡಿ, ಥೇಟ್ ನಮ್ಮಲ್ಲಿರೋ ಒಂದು ಪೋರನ ಹಾಗೇ ಇದೆ, ಬೆಳಗಿಂದ ಸಂಜೆ ತನಕ ಸೆರಗು ಬಿಡಲ್ಲ" ಎಂದರು. ಅವನು ನಕ್ಕ. ನಗು ಮುಗಿಯುವುದರೊಳಗೆ ಅವರು ಮೇಲಿನ ಏಪ್ರನ್ ತೆಗೆದು ಎದೆಗೆ ಹಿಡಿದುಕೊಂಡಿದ್ದರು. ಕೆಳಗೆ ನೋಡಿದರು. ಎರಡನೆಯದನ್ನು ತೆಗೆದರು, ಮೂರನೆಯದನ್ನು.

"ಎಡಗಡೆ ಹಾಕಿಬಿಟ್ರಾ? ಬಲಗಡೆ ಅಂತ ಫೋನಲ್ಲಿ ಹೇಳಿದ್ನಲ್ಲ. ಎರಡು ಸಲ ಹೇಳಿದ್ದೆ."

ಅವರೇ ಮುಂದುವರಿಸಿದರು, ಜಗಳದ ಧ್ವನಿಯಲ್ಲಲ್ಲ. "ನೋಡಿ, ಮಕ್ಕಳನ್ನ ನೋಡ್ಕೊಳ್ಳೋ ನಮ್ಮ ಹುಡುಗೀರು ಮಗೂನ ಎಡ ಭುಜಕ್ಕೆ ಹಾಕ್ಕೋತಾರೆ, ಬಲಗೈ ಕೆಲಸಕ್ಕೆ ಬೇಕಲ್ಲ. ಕೂಸಿನ ಕೆನ್ನೆ ಸರಿಯಾಗಿ ಇಲ್ಲಿಗೆ ಬರುತ್ತೆ. ಹಳೇ ಏಪ್ರನ್‌ನಲ್ಲಿ ಲೋಗೊ ಇಲ್ಲೇ ಇತ್ತು, ದಾರ ಉಜ್ಜಿ ಉಜ್ಜಿ ಕೆನ್ನೆಯೆಲ್ಲ ಕೆಂಪು. ಒಂದು ಮಗೂಗಂತೂ ನಮ್ಮ ಶಿಶುವಿಹಾರದ ಹೆಸರೇ ಅಚ್ಚಾಗಿತ್ತು. ಅವರಪ್ಪ ಕೆನ್ನೆ ಓದ್ಕೊಂಡೇ ಜಗಳಕ್ಕೆ ಬಂದ್ರು."

ಅಕ್ಕ ಎದ್ದು ನಿಂತಿದ್ದಳು. ಮಡಿಲಿನ ದಾರಗಳು ನೆಲಕ್ಕೆ ಉದುರಿದವು. "ತಪ್ಪು ನಂದು ಮೇಡಂ. ಫೋನು ಎತ್ತಿದ್ದು ನಾನು. ನಂಗೆ ಕಿವಿ ಸರಿಯಿಲ್ಲ, ಒಂದು ಅಂದರೆ ಇನ್ನೊಂದು ಕೇಳಿಸುತ್ತೆ. ಮುಂಚಿನಿಂದಲೂ ಹಾಗೇ. ಇವನದ್ದೇನೂ ತಪ್ಪಿಲ್ಲ." ಹೇಳುತ್ತ ಕೈ ಕಿವಿಗೆ ಹೋಯಿತು. ಮೇಡಂ ಮುಖ ಮೆತ್ತಗಾಯಿತು. ಹತ್ತಿರ ಬಂದು, ಬಗ್ಗಿ, "ಪರವಾಗಿಲ್ಲಮ್ಮಾ! ಬೇಜಾರು ಮಾಡ್ಕೋಬೇಡೀ!" ಎಂದು ಅಕ್ಕನ ಮುಖದೆದುರು ಕೂಗಿದರು. ಅಕ್ಕ ಮುಖವನ್ನು ಸ್ವಲ್ಪ ವಾರೆ ಮಾಡಿದಳು. ಎದುರಿನ ಬೀಗದ ಅಂಗಡಿಯವನು ಕೆಲಸ ನಿಲ್ಲಿಸಿ ಈ ಕಡೆ ನೋಡಿದ.

ಆ ವಾರೆ ಮುಖವನ್ನು ಅವನಿಗೆ ನೋಡಲಾಗಲಿಲ್ಲ. ಯಂತ್ರದ ಮೇಲಿನ ಚೀಟಿ ಕಿತ್ತ. ಅದರ ಅಂಟು ಬೆರಳಿಗೆ ಮೆತ್ತಿಕೊಂಡು ಬಿಡಲೊಲ್ಲದು. ಕೊಡವಿದರೂ ಬೀಳದ ಚೀಟಿಯನ್ನು ಬೆರಳಿನ ಸಮೇತವೇ ಮೇಡಂ ಮುಂದೆ ಹಿಡಿದ. ಅವರು ಓದಿದರು. "ಬಲಗಡೆ ಅಂತಲೇ ಬರೆದಿದ್ದಾರಲ್ಲ?"

"ಸರಿಯಾಗೇ ಕೇಳಿಸ್ಕೊಂಡಿದ್ದಾಳೆ" ಎಂದ. "ನಾನು ನಂಬಲಿಲ್ಲ."

ಯಾವ ಸ್ಟೇಷನ್ನೂ ಅಲ್ಲದ ಒಂದು ಒಣ ಧ್ವನಿ. ಅವನಿಗೇ ಗುರುತು ಹತ್ತಲಿಲ್ಲ.

"ನಂಬದೆ ಇದ್ದಿದ್ದು ಸರಿನೇ ಬಿಡು" ಎಂದಳು ಅಕ್ಕ, ಇನ್ನೂ ಮೇಡಂ ಕಡೆಗೇ ನೋಡುತ್ತ. "ಏನೋ ಈ ಸಲ ಸರಿಯಾಗಿ ಬಿದ್ದಿದೆ ಕಿವಿಗೆ. ಯಾವತ್ತೋ ಒಂದು ದಿನ ಹಾಗಾಗುತ್ತೆ."

ಮೇಡಂ ಇಬ್ಬರನ್ನೂ ಒಮ್ಮೆ ನೋಡಿದರು. ಬಿಚ್ಚಿ ಬಲಗಡೆ ಹಾಕಿಕೊಡಿ, ಶುಕ್ರವಾರದ ತನಕ ಹಳೆಯದರಲ್ಲೇ ನಡೆಸುತ್ತೇನೆ ಎಂದರು. ಬಿಚ್ಚಿದ ಜಾಗದಲ್ಲಿ ಸೂಜಿಯ ತೂತು ಉಳಿಯುತ್ತೆ ಮೇಡಂ, ತೊಳೆದರೂ ಪೂರ್ತಿ ಹೋಗಲ್ಲ ಎಂದು ಅವನು ಹೇಳಿದ. "ತೂತು ಕೆನ್ನೆಗೆ ಚುಚ್ಚಲ್ವಲ್ಲ" ಎಂದು ಹತ್ತು ಚೀಲಗಳನ್ನು ತೋಳಿಗೆ ಹಾಕಿಕೊಂಡು ಅವರು ಹೋದರು.

ಇಬ್ಬರೂ ಬಿಚ್ಚಲು ಕೂತರು. ಬಿಚ್ಚುವ ಕೆಲಸಕ್ಕೆ ಯಂತ್ರವಿಲ್ಲ. ಬಟ್ಟೆಯನ್ನು ತಿರುವಿ ಹಾಕಿ, ಕೊಕ್ಕೆಯ ಮೊನೆಯಿಂದ ಹಿಂಬದಿಯ ಬಿಳಿ ದಾರವನ್ನು ಒಂದೊಂದೇ ಕತ್ತರಿಸುತ್ತ ಹೋಗಬೇಕು. ಆಮೇಲೆ ಮುಂಬದಿಯ ಬಣ್ಣ ತಾನಾಗಿ ಎದ್ದು ಬರುತ್ತದೆ. ಅವನು ಕುರ್ಚಿಯನ್ನು ಎಳೆದುಕೊಂಡು ಬಾಗಿಲ ಬೆಳಕಿಗೆ, ಅಕ್ಕನ ಪಕ್ಕಕ್ಕೆ ಬಂದಿದ್ದ. ಆ ಕಡೆಯಿಂದ ನೋಡಿದರೆ ಯಂತ್ರ ತೀರಾ ದೊಡ್ಡದಾಗಿ ಕಾಣುತ್ತಿತ್ತು. ಹದಿನೈದು ಸೂಜಿ, ಒಂದಕ್ಕೂ ನಾಲಿಗೆಯಿಲ್ಲ. ಅಕ್ಕನ ಕೊಕ್ಕೆ ಅವನದ್ದಕ್ಕಿಂತ ಎರಡು ಪಟ್ಟು ಚುರುಕಾಗಿ ಓಡುತ್ತಿತ್ತು. ಅವನು ತಾಯಿ ಬಾತಿನ ಕತ್ತು ಬಿಚ್ಚುವುದರೊಳಗೆ ಅವಳದ್ದು ಮರಿಯ ಹತ್ತಿರ ಬಂದಿತ್ತು.

"ಎರಡು ಸಲ ಅಂದರು ಅಂತ ಆವತ್ತೇ ಹೇಳಿದ್ದೆ ನೋಡು" ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. ಅವಳ ಮುಖದಲ್ಲಿ ಏನೋ ಒಂದು ಇಣುಕಿತ್ತು. ಅದು ಸಂತೋಷ ಎಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಒಂದೇ ಒಂದು ಸಲ ತನ್ನ ಕಿವಿ ಸರಿಯಾಗಿತ್ತೆಂಬ ಸಂತೋಷ. ಹೆಚ್ಚು ಹೊತ್ತು ಇಟ್ಟುಕೊಳ್ಳಲು ಅಂಜುತ್ತ, ಬಿಟ್ಟುಕೊಡಲೂ ಮನಸ್ಸಿಲ್ಲದೆ, ಬೇರೆಯವರ ಒಡವೆ ತೊಟ್ಟು ನೋಡುವವಳ ಹಾಗೆ ಅವಳು ಅದನ್ನು ಮುಖದ ಮೇಲೆ ಹಾಕಿಕೊಂಡಿದ್ದಳು.

ಅವನು ಹೇಳಬೇಕಾದ ಸಾಲುಗಳನ್ನು ಒಳಗೇ ಜೋಡಿಸಿದ. ಅಕ್ಕ, ಒಂದು ವಿಷಯ ಹೇಳಬೇಕು. ಅಕ್ಕ, ಆ ಗಿಡುಗದ ದಿನ. ಪ್ರತಿಯೊಂದೂ ಗಂಟಲಿಗೆ ಬರುವಷ್ಟರಲ್ಲಿ ಯಾರದ್ದೋ ಆಗಿಬಿಡುತ್ತಿತ್ತು. ಒಂದು ಮ್ಯಾನೇಜರನದ್ದು, ಒಂದು ನಾಟಕದವನದ್ದು, ಇನ್ನೊಂದು ಮಗಳು ತಪ್ಪು ಮಾಡಿ ಬಂದಾಗಿನ ರಾಗದ್ದು. ಆ ಸ್ಟೇಷನ್ನುಗಳನ್ನೆಲ್ಲ ಆಚೆ ತಳ್ಳಲು ಕೆಮ್ಮಿದ. ಆ ಕೆಮ್ಮು ಬಂದ ಬಗೆ ಅವನಿಗೇ ಕೇಳಿಸಿತು. ಇನ್ನೊಮ್ಮೆ ಬಂತು. ಹ್ಹಂ, ಹ್ಹಂ.

"ಆಯ್ತಮ್ಮ. ನೋಡ್ದೆ. ಓಡ್ಸಿ."

ಸಕಾರದ ಸಿಳ್ಳೆ ಹಾಗೇ ಇತ್ತು. ಇಪ್ಪತ್ತೆರಡು ವರ್ಷ ಅವನು ಆ ಸ್ಟೇಷನ್ ಮುಟ್ಟಿರಲಿಲ್ಲ.

ಅಕ್ಕನ ಕೊಕ್ಕೆ ನಿಂತಿತು. ಅವಳು ತಲೆಯೆತ್ತಲಿಲ್ಲ. ಬೀದಿಯಲ್ಲಿ ಯಾರೋ ಶಟರ್ ಎಳೆದರು, ಒಂದು ಗಾಡಿ ಹೋಯಿತು, ಬೀಗದ ಅಂಗಡಿಯಲ್ಲಿ ಅರ ಉಜ್ಜುವ ಸದ್ದು ಶುರುವಾಗಿ ನಿಂತಿತು. ಅವಳ ಹೆಬ್ಬೆರಳು ಅರ್ಧ ಬಿಚ್ಚಿದ ಬಾತುಕೋಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಯಿತು, ನೇಯ್ಗೆ ಯಾವ ಕಡೆಗೆ ಎಳೆಯುತ್ತದೆ ಎಂದು ನೋಡುವ ಹಾಗೆ.

"ಇನ್ನೊಂದು ಸಲ ಹೇಳು."

ಹೇಳಿದ.

"ಆವತ್ತು 'ನೋಡ್ದೆ' ಆದ ಮೇಲೆ ಸ್ವಲ್ಪ ತಡೆದು 'ಓಡ್ಸಿ' ಅಂದೆ" ಎಂದಳು. "ಎಷ್ಟೋ ಸಲ ಯೋಚನೆ ಮಾಡಿದೀನಿ. ಸಾಹೇಬರು ಅಲ್ಲಿ ತಡೆಯೋರಲ್ಲ."

ಅಂದೆ. ಅಂದರು ಅಲ್ಲ.

"ನಗು ಬಂದಿತ್ತು" ಎಂದ ಅವನು. "ಅದಕ್ಕೆ."

ಅಕ್ಕ ಏಪ್ರನ್ನನ್ನು ಮಡಿಲಲ್ಲಿ ಸಮ ಮಾಡಿಕೊಂಡಳು. "ಆ ಮನುಷ್ಯರ ಮನೆಗೆ ಹೋಗಿ ಕಾಲು ಹಿಡಿದಿದ್ದೆ ನಾನು."

"ಗೊತ್ತು."

"ನೀನು ಗೇಟಲ್ಲಿ ನಿಂತಿದ್ದೆ."

"ಹೂಂ."

ಇದರಾಚೆ ಅವಳು ಏನಾದರೂ ಅನ್ನುತ್ತಾಳೆಂದು ಕಾದ. ಬೈಯಲಿ, ಎದ್ದು ಹೋಗಲಿ, ಕೈಯಲ್ಲಿದ್ದ ಕೊಕ್ಕೆ ಎಸೆಯಲಿ. ಅವಳು ಕೊಕ್ಕೆಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲಿ ಸಿಕ್ಕಿಕೊಂಡಿದ್ದ ಒಂದು ಬಿಳಿ ಎಳೆಯನ್ನು ಬಿಡಿಸಿ ನೆಲಕ್ಕೆ ಬಿಟ್ಟು, ಮರಿಯ ಹೊಟ್ಟೆಯ ಕಡೆಯಿಂದ ಮತ್ತೆ ಬಿಚ್ಚತೊಡಗಿದಳು. ಒಂದು ಎಳೆ. ಇನ್ನೊಂದು. ಅವನಿಗೆ ತಡೆಯಲಾಗಲಿಲ್ಲ. ಕುರ್ಚಿಯ ತುದಿಗೆ ಬಂದು, "ಅಕ್ಕಾ! ನಾನೂ! ಬೇಕಂತಾ! ಮಾಡಿದ್ದಲ್ಲಾ!" ಎಂದ, ಒಂದೊಂದೇ ಮಾತನ್ನು ಎಸೆಯುತ್ತ.

ಅಕ್ಕ ಈ ಸಲ ಮುಖ ವಾರೆ ಮಾಡಲಿಲ್ಲ. ನೇರವಾಗಿ ಅವನನ್ನು ನೋಡಿದಳು.

"ಕೂಗಬೇಡ" ಎಂದಳು. "ನಂಗೆ ಕೇಳಿಸುತ್ತೆ."